ಭೈರವಿಯ ಕಡೀ ಪೆಟ್ಟು

ಬ್ಯಾಂಡ್ ಬಾರಿಸೋರ ಬಾಳೇವು ಹೆಂಗಂದ್ರ, ಮಂದಿ ನಮ್ಮ ಮುಂದ ಕುಣೀತಾರ, ಅಳ್ತಾರ, ಬೀಗರ ಕೂಡ ಜಗಳಾ ತಗೀತಾರ, ಆದ್ರ ನಮ್ಮ ಮುಖಾ ಯಾರೂ ನೋಡಂಗಿಲ್ಲ. ನಾವು ಮಾತ್ರ ಎಲ್ಲಾ ನೋಡ್ತೀವಿ. ಕೆಂಪು ಕೋಟು ಕಳಚಿ ಗೂಟಕ್ಕ ಹಾಕೂದ್ರಾಗ ಹೇಳಿ ನಗಾಕ ಒಂದಲ್ಲ ಒಂದು ಸಿಕ್ಕೇ ಇರ್ತೈತಿ. ಸಾವಿನ ಮನಿ ಮುಂದೂ ಸಿಗ್ತೈತಿ. ಅಲ್ಲಿ ನಗಬಾರದಲ್ಲ, ಗಲ್ಲದಾಗ ಗಾಳಿ ತುಂಬಿಕೊಂಡು ತಡಕೋತೀವಿ. ನೋಡಿದೋರು, ಪಾಪ, ಎಷ್ಟು ಮನಸಿಟ್ಟು ಊದಾಕತ್ತಾನ ಅಂತಾರ.

ನಾ ಸಿಂಧನೂರಾಗ ಎಣ್ಣಿ ಹೊಡಿಯೋ ಪಂಪು ರಿಪೇರಿ ಮಾಡಾವ. ಭತ್ತದ ಗದ್ದಿಗೆ ಔಷಧಿ ಹೊಡೀತಾರಲ್ಲ, ಆ ಪಂಪು. ಮದಿವಿ ಸೀಜನ್ನಿನಾಗ, ಮತ್ತ ಯಾರರ ಹೋದ್ರಂತ ಸುದ್ದಿ ಬಂದಾಗ, ಅಂಗಡಿ ಬಾಗಲಾ ಎಳದು ಬ್ಯಾಂಡಿಗೆ ಹೋಗ್ತೀನಿ. ನನ್ನ ವಾದ್ಯ ಬಾಸ್ ಟ್ರಂಬೋನು. ತುತ್ತೂರಿ ಜಾತೀದೇ, ಆದ್ರ ಮುಂದಿನ ಉದ್ದನ್ನ ಕೊಳವಿ ಹಿಂದಕ ಮುಂದಕ ಜಗ್ಗಿ ಸ್ವರ ತಗೀಬೇಕು. ದನಿ ಬಾಳ ಕೆಳಗ, ಊದಿದ್ರ ಪಕ್ಕದಾವನ ಅಂಗಿ ಗುಂಡಿ ಅಲುಗಾಡ್ತಾವ. ಮಂದಿ ಅದಕ್ಕೂ ಪಂಪು ಅಂತಾನೇ ಕರೀತಾರ. ಅಂಗಡ್ಯಾಗೂ ಪಂಪು, ಮೆರವಣಿಗ್ಯಾಗೂ ಪಂಪು, ನನ್ನ ಹಣೇಬರಾ.

ಅದನ್ನ ನನ್ನ ಕೈಗೆ ಕೊಟ್ಟವರು ನಮ್ಮ ಬ್ಯಾಂಡಿನ ಉಸ್ತಾದರು. ಅವರಪ್ಪ ಶಹನಾಯಿ ನುಡಸ್ತಿದ್ರು, ರಾಗ ಮನ್ಯಾಗೇ ಬಂದಿತ್ತು. ವಯಸ್ಸಿನಾಗ ಹೈದರಾಬಾದಿನ ಒಂದು ಹೋಟೆಲಿನ ಬ್ಯಾಂಡಿನಾಗ ಇದ್ರು, ಅಲ್ಲಿ ಒಬ್ಬ ಗೋವಾದ ಮುದುಕ ಜಾಝ್ ಕಲಿಸಿದ್ದನಂತ. ಎರಡೂ ಕೂಡಿಸಿ ಉಸ್ತಾದರು ದುರ್ಗಾ, ಮಾಲಕಂಸ, ಭೈರವಿ ಇವನ್ನೆಲ್ಲಾ ಜಾಝಿನ ನಡಿಗ್ಯಾಗ ಕುಂದ್ರಿಸಿದ್ರು. ಮುಂದ ಒಂದೇ ಟ್ರಂಬೋನು, ಹಿಂದ ಇಡೀ ಬ್ಯಾಂಡ್. ಜಾಝ್ ಅಂದ್ರ ಏನ್ರೀ ಉಸ್ತಾದ್ರ ಅಂತ ನಾ ಕೇಳಿದ್ದೆ.

"ಏನಿಲ್ಲ ಬೇಟಾ. ಪೆಟ್ಟು ಬೀಳೋ ಜಾಗಕ್ಕ ಹೋಗೂದು ಖರೇ, ಆದ್ರ ಜರಾ ತಡಾ ಮಾಡಿ ಹೋಗೂದು. ಲಿಂಗಸುಗೂರು ಬಸ್ಸಿನಂಗ," ಅಂದ್ರು.

ನಾ ಕಲಿಯಾಕತ್ತಾಗ ಬಾಳೇ ತಡಾ ಮಾಡಿದೆ. "ಲೇ, ಬಸ್ಸು ತಡಾ ಆಗಲಿ ಅಂದೆ, ಡಿಪೋದಾಗ ಮಲಗಲಿ ಅನ್ನಲಿಲ್ಲ," ಅಂತ ಬೈದ್ರು.

ಅವರ ಜೀವ ಇದ್ದದ್ದು ಭೈರವಿ ಮ್ಯಾಲ. ಅದರ ಮುಗಿತಾಯ ಹಿಂಗ: ಬ್ಯಾಂಡೆಲ್ಲಾ ಸುಮ್ಮಾಗ್ತೈತಿ, ನಾ ಒಬ್ಬನೇ ಒಂದೊಂದೇ ಸ್ವರ ಇಳಕೋತ ಬಂದು ಎಲ್ಲಾಕ್ಕಿಂತ ಕೆಳಗಿನ ಷಡ್ಜದಾಗ ನಿಲ್ತೀನಿ. ಆಮ್ಯಾಲ ತಾಳದ ಒಂದು ಸುತ್ತು ಯಾರೂ ಏನೂ ಬಾರಿಸಂಗಿಲ್ಲ. ಆ ಸುಮ್ಮಿರೂದಕ್ಕ ಉಸ್ತಾದರು ಸಬರ್ ಅಂತಿದ್ರು. ಸಬರ್ ಅಂದ್ರ ತಾಳ್ಮಿ. ಸಬರ್ ಆದ ಮ್ಯಾಲ ಎಲ್ಲಾರೂ ಕೂಡಿ ಒಂದೇ ಒಂದು ಪೆಟ್ಟು. ಅಲ್ಲಿಗೆ ಖತಂ.

ಇಷ್ಟೇ ಅದು. ತಾಲೀಮಿನಾಗ ಎಷ್ಟು ಸಲ ಹೊಡದ್ವೋ ಏನೋ. ಆದ್ರ ಉಸ್ತಾದರು ಅದನ್ನ ಲೆಕ್ಕಕ್ಕ ಹಿಡೀತಿರಲಿಲ್ಲ. "ಮಂದಿ ಮುಂದ ಬೀಳಬೇಕು. ಮಂದಿನೂ ನಮ್ಮ ಕೂಡ ಉಸುರು ಹಿಡಿದು ಕಾಯಬೇಕು, ಆವಾಗ ಪೆಟ್ಟು. ಅದೊಂದು ಕೇಳಿ ಹೋಗಿಬಿಡ್ತೀನಿ," ಅಂತಿದ್ರು. ಹೋಗಿಬಿಡ್ತೀನಿ ಅನ್ನೂದು ಬರೇ ಮಾತಲ್ಲ. ಅವರ ಎದಿ ಕೆಟ್ಟಿತ್ತು, ಊದೂದು ಬಿಟ್ಟು ಕೈಯೆತ್ತಿ ತಾಳ ತೋರಸಾಕ ಮಾತ್ರ ಬರ್ತಿದ್ರು. ಡಾಕ್ಟರು ಅದೂ ಬ್ಯಾಡ ಅಂದಿದ್ರು.

ಆದ್ರ ನಮ್ಮ ಸೀಮ್ಯಾಗ ಬ್ಯಾಂಡ್ ಸುಮ್ಮಾತಂದ್ರ ಮಂದಿ ಸುಮ್ಮಿರಂಗಿಲ್ಲ. ಅಲ್ಲೇ ಬಂತು ನೋಡ್ರಿ ತ್ರಾಸು.

ಅರ್ಧ ಮದಿವಿ

ಮೊದಲನೇ ಸಲ ಬಾರಿಸಿದ್ದು ಬಳಗಾನೂರಾಗ, ಒಂದು ಮದಿವ್ಯಾಗ. ವರನ ಸ್ವಾದರಮಾವಗ ಸಂಗೀತದ ಹುಚ್ಚು. ವಧು ಇನ್ನಾ ಒಳಗ ಸೀರಿ ಉಡಾಕತ್ತಿದ್ಲು, ವರ ಬಾಸಿಂಗ ಕಟಗೊಂಡು ಸ್ಟೇಜಿನ ಮ್ಯಾಲ ಒಬ್ಬನೇ ನಿಂತಿದ್ದ. "ಉಸ್ತಾದ್ರ, ಇನ್ನಾ ಟೈಮೈತಿ, ನಿಮ್ಮ ಆ ಭೈರವಿ ಆಗಲಿ," ಅಂದ ಮಾವ. ಉಸ್ತಾದರ ಮುಖ ಅರಳ್ತು.

ಒಂದು ಸಂಗತಿ ನಮಗ ಯಾರಿಗೂ ಹೊಳೀಲೇ ಇಲ್ಲ. ನಮ್ಮ ಕಡೆ ಮದಿವ್ಯಾಗ ಹಿಂದ ಕುಂತೋರಿಗೆ ಸ್ಟೇಜು ಕಾಣಂಗಿಲ್ಲ. ಅವರು ಕಣ್ಣೀಲೆ ನೋಡಿ ಅಕ್ಕಿಕಾಳು ಒಗಿಯೋದಲ್ಲ, ಕಿವೀಲೆ ಕೇಳಿ ಒಗಿಯೋದು. ಬ್ಯಾಂಡ್ ಗಪ್ಪಂತ ನಿಂತ್ರ ಅಯ್ಯನವರು ಮಂತ್ರ ಮುಗಿಸಾಕತ್ತಾರ, ತಾಳಿ ಬೀಳಾಕತ್ತೈತಿ, ಒಗೀರಿ ಅಂತ ಅರ್ಥ.

ನಾ ಇಳಕೋತ ಬಂದೆ, ಷಡ್ಜದಾಗ ನಿಂತೆ, ಸಬರ್ ಸುರುವಾತು. ಹಿಂದಿನ ಸಾಲಿನಾಗ ಒಬ್ಬಾತ ಒಗದ. ಅವನ್ನ ನೋಡಿ ಸಾಲೆಲ್ಲಾ ಒಗೀತು. ಅದನ್ನ ನೋಡಿ ಮುಂದಿನೋರು, ನಾವೇ ಹಿಂದುಳದ್ವಿ ಅಂತ ಗಾಬರಿಯಾಗಿ, ಎರಡೂ ಕೈಲೆ ಒಗದ್ರು. ವರ ತಲಿ ತಗ್ಗಿಸಿ, ಕೈ ಮುಗದು, ಎಲ್ಲಾ ಅಕ್ಕಿ ತಾನೊಬ್ಬನೇ ಹೊತ್ತುಕೊಂಡ. ಸ್ಟೇಜಿನ ಹಿಂದ ಚಹಾ ಕುಡಿಯಾಕತ್ತಿದ್ದ ಅಯ್ಯನವರು ಕಪ್ಪು ಹಿಡಕೊಂಡೇ ಓಡಿ ಬಂದ್ರು. ಅಷ್ಟರಾಗ ಅರ್ಧ ಮಂದಿ ಎದ್ದು ಊಟದ ಕಡೆ ಹೊಂಟಿದ್ರು.

ಉಸ್ತಾದರು ಅದರಾಗೂ ಪೆಟ್ಟಿಗೆ ಕೈ ಎತ್ತಿದ್ರು. ದೊಡ್ಡ ಡ್ರಮ್ಮಿನಾವ ನಗು ತಡೀಲಾರದ ಕುಂತಬಿಟ್ಟಿದ್ದ. ನಾ ಒಬ್ಬನೇ ಊದಿದೆ. ಸ್ವರ ಬರಲಿಲ್ಲ, ನನ್ನ ಟ್ರಂಬೋನಿನ ಅಗಲ ಬಾಯಾಗ ಬಿದ್ದ ಅಕ್ಕಿಕಾಳೆಲ್ಲಾ ಹಾರಿ ಅಯ್ಯನವರ ಚಹಾದಾಗ ಬಿತ್ತು.

ಮುಂದಿನ ಸಾಲಿನಾಗ ಕುಂತ ಒಬ್ಬಾಕಿ ಮುದುಕಿ ಬಾಜೂದಾಕಿಗೆ ಶಾಂತ ರೀತೀಲೆ ಹೇಳಿದ್ಲು: "ಹುಡುಗಂದು ಮದಿವಿ ಆತವ್ವಾ. ಇನ್ನ ಹುಡಿಗೀದೊಂದು ಉಳದೈತಿ."

ತುಪ್ಪ

ಲಿಂಗಸುಗೂರಾಗ ಒಬ್ಬ ಸಾವಕಾರು ಹೊಸಾ ಬಟ್ಟಿ ಅಂಗಡಿ ತಗದ್ರು. ಬೆಳಗು ಹರಿಯೂತಲೇ ಮುಹೂರ್ತ. ಸಂಕ್ರಾಂತಿ ಮುಂದಿನ ಥಂಡಿ. ಟ್ರಂಬೋನಿನ ಕೊಳವಿ ಸರಾಗ ಜಾರಬೇಕಂದ್ರ ಅದಕ್ಕ ತೆಳ್ಳನ ಎಣ್ಣಿ ಹಚ್ಚಬೇಕು. ಹಿಂದಿನ ದಿನ ನೋಡಿದ್ರ ಎಣ್ಣಿ ಮುಗದಿತ್ತು. ನನ್ನ ಹೆಂಡತಿ, "ಎಣ್ಣಿ ಯಾಕ ಬೇಕು, ಮನ್ಯಾಗ ತುಪ್ಪ ಇಲ್ಲೇನು? ಶುಭಕಾರ್ಯಕ್ಕ ಹೊಂಟೀರಿ, ತುಪ್ಪ ಹಚ್ಚಿದ್ರ ಚೊಲೋನೇ ಆಗ್ತೈತಿ," ಅಂತ ಸ್ವಂತ ಕೈಲೆ ಹಚ್ಚಿ ಕೊಟ್ಲು. ಆಕಿ ಮಾತಿಗೆ ಇಲ್ಲ ಅನ್ನೋ ಧೈರ್ಯ ನನಗ ಇವತ್ತಿಗೂ ಬಂದಿಲ್ಲ.

ಹಚ್ಚಿದಾಗ ಬೆಣ್ಣಿಯಂಗ ಜಾರ್ತು, ನಿಜ. ಲಿಂಗಸುಗೂರು ಮುಟ್ಟೂದ್ರಾಗ ಹೆಪ್ಪುಗಟ್ಟಿತ್ತು. ಕೊಳವಿ ಪೂರಾ ಮುಂದ ಚಾಚಿದಲ್ಲೇ ಹಿಡಕೊಂತು. ಹಿಂದಕ ಜಗ್ಗಿದ್ರ ಬರವಲ್ದು, ಮುಂದಕ ನೂಕಿದ್ರ ಹೋಗವಲ್ದು. ಉಸ್ತಾದರು ಕೈಯೆತ್ತಿ ಸುರು ಮಾಡಿಸಿಬಿಟ್ರು. ನಾ ಏನು ಮಾಡಲಿ, ಇಡೀ ಭೈರವಿ ಒಂದೇ ಸ್ವರದಾಗ ಊದಿದೆ. ಬ್ಯಾಂಡಿನಾವರು ನನ್ನ ಕಡೆ ತಿರುತಿರುಗಿ ನೋಡಾಕತ್ರು. ಉಸ್ತಾದರು ಕಣ್ಣು ಮುಚ್ಚಿಬಿಟ್ರು.

ಸಾವಕಾರು ಬಾಜೂಕ ಬಂದು ಕೈ ಕಟ್ಟಿ ನಿಂತು ಕೇಳಿದ್ರು. "ಉಸ್ತಾದ್ರ, ಬಾಳ ಗಂಭೀರ ಐತಿ. ಇದ್ಯಾವ ರಾಗರೀ?"

ಉಸ್ತಾದರು ಕಣ್ಣು ತಗೀದನ, "ಇದು ರಾಗ ಅಲ್ರೀ ಸಾವಕಾರ, ಇದು ಹಟ," ಅಂದ್ರು.

ಅಷ್ಟರಾಗ ಬಿಸಿಲು ಬಿತ್ತು. ತುಪ್ಪ ಕರಗಾಕತ್ತಿದ್ದು ನನಗ ಗೊತ್ತಾಗಲಿಲ್ಲ. ಸಬರ್ ಬರೂತಲೇ ಸಿಟ್ಟಿಲೆ ಒಮ್ಮಿ ಜೋರ್ ಜಾಡಿಸಿದೆ ನೋಡ್ರಿ, ಕೊಳವಿ ಕೈ ಬಿಟ್ಟು ಹಾರಿ, ರಿಬ್ಬನ್ನು ಹರಕೊಂಡು, ಅಂಗಡಿ ಒಳಗ ಜಾರಕೋತ ಹೋಗಿ ಗಲ್ಲಾಪೆಟ್ಟಿಗಿ ಕೆಳಗ ನಿಂತಿತು. ರಿಬ್ಬನ್ ಕತ್ತರಿಸಾಕ ಕರಸಿದ್ದ ದೊಡ್ಡ ಮನುಷ್ಯ ಕತ್ತರಿ ಹಿಡಕೊಂಡು ಹಂಗೇ ನಿಂತ.

ಸಾವಕಾರು ಬೈತಾರ ಅಂತ ನಾ ದೊಡ್ಡ ಡ್ರಮ್ಮಿನ ಹಿಂದ ಸರದೆ. ಅವರು ಒಳಗ ಓಡಿಹೋಗಿ, ಬಿಸಿಲಿಗೆ ಬಂಗಾರದಂಗ ಹೊಳಿಯಾಕತ್ತಿದ್ದ ಕೊಳವೀನ ಎರಡೂ ಕೈಲೆ ಎತ್ತಿ ಕಣ್ಣಿಗೊತ್ತಿಕೊಂಡ್ರು. "ಲಕ್ಷ್ಮಿ ತಾನಾಗೇ ಒಳಗ ಬಂದಾಳ!" ಅಂತ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಪೂಜಾಕ್ಕ ಇಟ್ರು. ಪೂಜಾ, ಆರತಿ, ಮೊದಲ ಗಿರಾಕಿ ಎಲ್ಲಾ ಆಗೂತನಾ ಕೊಡಲೇ ಇಲ್ಲ. ಬ್ಯಾಂಡ್ ಹಂಗೇ ಸಬರ್‌ದಾಗ ಕುಂತು ಉಪ್ಪಿಟ್ಟು ತಿಂದಿತು.

ಮನಿಗೆ ಬಂದು ಹೆಂಡತಿ ಮುಂದ ಎಲ್ಲಾ ಹೇಳಿದೆ. ಆಕಿ, "ಮತ್ತ? ನಾ ಹೇಳಿರಲಿಲ್ಲೇನು, ಚೊಲೋನೇ ಆಗ್ತೈತಿ ಅಂತ?" ಅಂದ್ಲು.

ಹಟ್ಟಿಯ ಸ್ವರ

ಇದು ಸಣ್ಣದು. ಹಟ್ಟ್ಯಾಗ ಗಣಿ ಕೆಲಸದವರ ಕಾಲೋನಿಯೊಳಗ ಒಬ್ಬರು ರಿಟೈರಾದ್ರು, ಬೀಳ್ಕೊಡಾಕ ನಮ್ಮನ್ನ ಕರಸಿದ್ರು. ಅಲ್ಲಿ ಮಂದಿ ಶಿಸ್ತಿನಾವರು, ಕುರ್ಚಿ ಹಾಕಿಕೊಂಡು ಕುಂತು ಕೇಳಿದ್ರು. ಇವತ್ತು ಬೀಳ್ತೈತಿ ಪೆಟ್ಟು ಅಂತ ಉಸ್ತಾದರೂ ಅಂದಕೊಂಡ್ರು, ನಾನೂ ಅಂದಕೊಂಡೆ.

ಷಡ್ಜದಾಗ ನಿಂತೆ. ಸಬರ್. ಯಾರೂ ಮಿಸುಕಾಡಲಿಲ್ಲ. ಅಷ್ಟರಾಗ ಪಾಳಿ ಸೈರನ್ ಹೊಡೀತು. ಅದೂ ಭೈರವಿಗೆ ಹೊಂದೂವಂಥ ಸ್ವರದಾಗ! ಅರ್ಧ ಮಂದಿ ಎದ್ದು, ಕುರ್ಚಿ ಮಡಚಿ, ನಮಗ ಕೈ ಮುಗದು ಪಾಳಿಗೆ ಹೋದ್ರು. ಉಳದ ಅರ್ಧ ಮಂದಿ ಚಪ್ಪಾಳಿ ಹೊಡದ್ರು.

ರಿಟೈರಾದಾತ ಬಂದು ಉಸ್ತಾದರ ಕೈ ಹಿಡಕೊಂಡ. "ಎಲ್ಲಾ ಚೊಲೋ ಇತ್ರಿ. ಅದರಾಗ ಕಡೀಗೆ, ಈ ಪಂಪೂ ನಿಂತ ಮ್ಯಾಲ, ಉದ್ದಕ ಹಿಡಿದ ಸ್ವರ ಐತಲ್ಲ, ಅದು ಭಾರಿ. ಈ ಊರಾಗ ಇಷ್ಟು ವರ್ಷ ಇದ್ದೀನಿ, ಅಂಥಾದ್ದು ಕೇಳಿರಲಿಲ್ಲ."

ಡಿಜೆ

ಸಿಂಧನೂರಾಗಿನ ಮೆರವಣಿಗ್ಯಾಗ ಈಗ ನಮ್ಮ ಹಿಂದ ಡಿಜೆ ಗಾಡಿ ಇರೂದು ಖಾಯಂ. ಮುಂದ ನಾವು ಶಾಸ್ತ್ರಕ್ಕ, ಹಿಂದ ಅದು ಕುಣಿಯಾಕ. ಒಂದು ಸಲ ನಮ್ಮ ಸಬರ್ ಬರೂದೇ ತಡ, ಡಿಜೆದಾವ ತನ್ನ ಪಾಳಿ ಬಂತಂತ ಹಚ್ಚೇ ಬಿಟ್ಟ. ರಸ್ತೇದ ಎರಡೂ ಬಾಜೂ ಶಟರ್ ನಡುಗಿದ್ವು. ಉಸ್ತಾದರು ಎದಿ ಮ್ಯಾಲ ಕೈ ಇಟಗೊಂಡು ನಿಧಾನಕ ಗಾಡಿ ಹತ್ರ ಹೋದ್ರು. ನಾ ಓಡಿಹೋಗಿ ಕೈ ಹಿಡದೆ, ಜಗಳಾ ಆಗ್ತೈತಿ ಅಂತ.

ಉಸ್ತಾದರು ಜಗಳಾ ಮಾಡಲಿಲ್ಲ. "ತಮ್ಮಾ, ಇಷ್ಟು ಗುಂಡಿ ಅದಾವಲ್ಲ ನಿನ್ನ ಪೆಟ್ಟಿಗ್ಯಾಗ, ಸುಮ್ಮಿರೋ ಗುಂಡಿ ಯಾವ್ದು?" ಅಂತ ಕೇಳಿದ್ರು.

ಆತ ಪಾಪ ಖರೇನೇ ವಿಚಾರ ಮಾಡಿದ. "ಅದು ಕರೆಂಟ್ ಹೋದ್ರ ತಾನೇ ಆಗ್ತೈತ್ರಿ ಚಾಚಾ," ಅಂದ.

ಚಹಾದಂಗಡಿ ಮುಂದ

ಆಮ್ಯಾಲ ಉಸ್ತಾದರಿಗೆ ಬಾಳ ತ್ರಾಸಾತು. ನಾಕು ಹೆಜ್ಜಿ ಹಾಕಿದ್ರ ನಿಂತು ಉಸುರು ತಗೋಬೇಕು. ಒಂದಿನ ಬಸ್‌ಸ್ಟ್ಯಾಂಡ್ ಹತ್ರ ಚಹಾದಂಗಡಿ ಮುಂದ ಇಬ್ಬರೂ ಕುಂತಿದ್ವಿ. ನನಗ ತಡೀಲಿಲ್ಲ.

"ಉಸ್ತಾದ್ರ, ಆ ಸಬರ್ ತಗದು ಹಾಕೂನ್ರೀ. ಷಡ್ಜ ಆತು, ಆದಗಳೇ ಪೆಟ್ಟು. ಮಂದಿಗೆ ಟೈಮೇ ಸಿಗಬಾರದು. ನೀವು ಕೇಳಿದಂಗೂ ಆಗ್ತೈತಿ."

ಅವರು ಗ್ಲಾಸು ಕೆಳಗಿಟ್ರು. "ಸಬರ್ ತಗದ್ರ ಪೆಟ್ಟಿನಾಗ ಏನು ಉಳೀತು ಲೇ? ಡ್ರಮ್ಮು ಕೈ ತಪ್ಪಿ ಬಿದ್ರೂ ಅಂಥಾ ಸಪ್ಪಳ ಆಗ್ತೈತಿ."

ಗ್ಲಾಸು ಅತ್ತ ಸರಿಸಿ ಮತ್ತ ಅವರೇ ಮಾತಾಡಿದ್ರು. "ಮಸ್ಕಿಯಿಂದ ಮುದಗಲ್ ತನಾ ಎಷ್ಟು ಮಂದಿ ಹೆಣದ ಮುಂದ ಬಾರಿಸೀನಿ, ಅಲ್ಲಾಗೇ ಗೊತ್ತು. ನನ್ನ ಮುಂದ ಯಾರೂ ಬಾರಿಸಂಗಿಲ್ಲ. ನಮ್ಮಲ್ಲಿ ಹೆಣಾ ಹೊತ್ತು ಒಯ್ಯೂ ಜನಾಜಾಕ್ಕ ಬಾಜಾಭಜಂತ್ರಿ ಇಲ್ಲ, ನಿನಗ ಗೊತ್ತೈತಿ. ಶಿಕಾಯತ್ ಅಲ್ಲ ಬೇಟಾ, ದೂರಾಕತ್ತಿಲ್ಲ ನಾ, ಅದು ಹಂಗೇ ಇರಬೇಕು. ಆದ್ರ ಅದಕ್ಕೇ, ಜೀವ ಇರೂತನಾನೇ ಕೇಳಬೇಕು ನಾ."

ನಾ ಚಹಾ ಕುಡಿದಂಗ ಮಾಡಿದೆ, ಗ್ಲಾಸಿನಾಗ ಚಹಾ ಇರಲಿಲ್ಲ.

ಚಹಾದಂಗಡಿಯಾತ ನಮ್ಮ ಮಾತು ಕೇಳಿಸಿಕೊಂಡಿದ್ದ. "ಚಾಚಾ, ಈ ಉಸುರಿನಾಗ ಬ್ಯಾಂಡ್ ಯಾಕ್ರೀ? ಮನ್ಯಾಗ ಚಾಚೀ ಮುಂದ ಆರಾಮ್ ಕುಂದರ್ರಲ್ಲ," ಅಂದ.

ಉಸ್ತಾದರು ನನ್ನ ಕಡೆ ನೋಡಿ ಕಣ್ಣು ಹೊಡದ್ರು. "ಅಲ್ಲಿ ಕುಂದ್ರೂದು ಬರೇ ಸಬರ್ ನೋಡಪಾ. ಪೆಟ್ಟು ಯಾವಾಗ ಬೀಳ್ತೈತಿ ಅನ್ನೂದು ನಿಮ್ಮ ಚಾಚೀಗೆ ಮಾತ್ರ ಗೊತ್ತು."

ಮಸ್ಕಿ ಗೌಡ್ರು

ಮಸ್ಕ್ಯಾಗ ಒಬ್ಬ ಗೌಡ್ರ ತಾಯಿ ತೀರಿಕೊಂಡ್ಲು. ನೂರು ದಾಟಿದಾಕಿ, ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಎಲ್ಲಾರ್ನೂ ನೋಡಿ ಹೋದಾಕಿ. ಇಂಥಾ ಸಾವಿನಾಗ ಅಳೂದಕ್ಕಿಂತ ಸಂಭ್ರಮ ಜಾಸ್ತಿ. ಹೂವಿನ ವಿಮಾನ ಕಟ್ಟಿ, ಅಜ್ಜೀನ ಕುಂದ್ರಿಸಿ, ಹೊಸಾ ಸೀರಿ ಉಡಿಸಿ, ಮುಂದ ಭಜನಿ, ಅದರ ಮುಂದ ನಾವು. ಗೌಡ್ರಿಗೇ ವಯಸ್ಸಾಗಿ ಬೆತ್ತ ಬಂದಿತ್ತು. "ನಮ್ಮವ್ವಗ ಬ್ಯಾಂಡಂದ್ರ ಪ್ರಾಣ. ನಿಮ್ಮ ಹತ್ರ ಎಲ್ಲಾಕ್ಕಿಂತ ಚೊಲೋದು ಯಾವ್ದೈತಿ, ಅದನ್ನ ಬಾರಿಸ್ರಿ," ಅಂದ್ರು.

ನಾವು ಬ್ಯಾಡಂದ್ರೂ ಉಸ್ತಾದರು ಬಂದಿದ್ರು. ಮುಂದ ನಿಂತು ತಾಳ ತೋರಸೂ ಶಕ್ತಿ ಇರಲಿಲ್ಲ, ಆಟೋದಾಗ ಹಿಂದಿನ ಸೀಟಿನ ಮ್ಯಾಲ ಕುಂತಿದ್ರು. ಗೌಡ್ರಿಗೆ ಅವರು ಯಾರಂತ ಗೊತ್ತಿರಲಿಲ್ಲ, ಯಾರೋ ಸಾಹೇಬರು ಮಣ್ಣಿಗೆ ಬಂದಾರ ಅಂದಕೊಂಡಿದ್ರು.

ಈ ಸಲ ನಾ ಬಿಡಂಗಿಲ್ಲ ಅಂತ ಹಟ ಹಿಡದಿದ್ದೆ. ಗೌಡ್ರನ್ನ ಬಾಜೂಕ ಕರದು ತಿಳಿಸಿ ಹೇಳಿದೆ. "ಗೌಡ್ರ, ಇದರಾಗ ಕಡೀಗೆ ನಾವು ಸುಮ್ಮಾಗ್ತೀವಿ. ಮುಗೀತಂತ ತಿಳೀಬ್ಯಾಡ್ರಿ. ಆಮ್ಯಾಲ ಒಂದು ಪೆಟ್ಟೈತಿ. ಅಲ್ಲಿ ತನಾ ಯಾರೂ ಏನೂ ಮಾಡಬಾರದು."

"ಅಷ್ಟೇ ಹೌದಲ್ಲ?" ಅಂದ್ರು ಗೌಡ್ರು. ಬೆತ್ತ ಎತ್ತಿ ಇಡೀ ಮೆರವಣಿಗಿ ನಿಲ್ಲಿಸಿದ್ರು. "ಕೇಳ್ರೆಪಾ ಎಲ್ಲಾರೂ! ಇವರು ನಡುವ ಸುಮ್ಮಾಗ್ತಾರ. ಅದು ಮುಗದಂಗಲ್ಲ. ಪಟಾಕಿ ಹಚ್ಚೂದಿಲ್ಲ, ವಿಮಾನ ಎತ್ತೂದಿಲ್ಲ, ಅಳೂದಿಲ್ಲ. ಯಾರರ ಕೆಮ್ಮಿದ್ರಂದ್ರ ನೋಡ್ರಿ ಮತ್ತ!"

ಕೆಮ್ಮು ಅನ್ನೂದು ಕೇಳಿ ನಾವೆಲ್ಲಾರೂ ಆಟೋದ ಕಡೆ ನೋಡಿದ್ವಿ. ಉಸ್ತಾದರು ಆಗಲೇ ಬಾಯಿಗೆ ಟವೆಲ್ ಹಿಡಕೊಂಡಿದ್ರು.

ಸುರು ಮಾಡಿದ್ವಿ. ಅವತ್ತು ಹೆಂಗ ಬಾರಿಸಿದ್ವಿ ಅಂತ ನಾನೇ ಹೇಳಬಾರದು, ಆದ್ರೂ ಹೇಳ್ತೀನಿ. ಅಂಥಾ ಭೈರವಿ ನಮ್ಮ ಬಾಯಿಂದ ಹಿಂದ ಬಂದಿರಲಿಲ್ಲ. ಪೆಟ್ಟಿನ ಜಾಗಕ್ಕ ಜರಾ ಜರಾ ತಡಾ ಮಾಡಿ ಹೋಗೂ ಆ ನಡಿಗಿ ವಿಮಾನ ಹೊತ್ತವರ ಕಾಲಿಗೂ ಬಂತು. ಅಜ್ಜಿ ತಲಿ ತೂಗಿದಂಗ ಕಂಡ್ಲು. ನಾ ಒಬ್ಬನೇ ಇಳಕೋತ ಬಂದೆ, ಒಂದೊಂದೇ ಮೆಟ್ಟಲಾ. ಷಡ್ಜದಾಗ ನಿಂತೆ. ಬಿಟ್ಟೆ.

ಸಬರ್.

ಅಳೂ ಹೆಣ್ಣುಮಗಳು ಬಾಯಿ ತಗದಾಕಿ ಹಂಗೇ ನಿಂತ್ಲು. ಚುರುಮುರಿ ತೂರಾವ ಕೈ ಮ್ಯಾಲಿಟ್ಟು ಹಂಗೇ ನಿಂತ. ಪಟಾಕಿ ಮುಂದ ಊದುಬತ್ತಿ ಹಿಡದಾವ ಬಗ್ಗಿದಲ್ಲೇ ನಿಂತ. ಗೌಡ್ರು ಬೆತ್ತ ಎತ್ತಿ ಒಬ್ಬೊಬ್ಬರ ಮುಖಾ ನೋಡಾಕತ್ತಿದ್ರು. ಇಡೀ ಮಸ್ಕಿ ಉಸುರು ಹಿಡಿದಿತ್ತು. ನನ್ನ ಕಣ್ಣಾಗ ನೀರು ಬಂತು. ಬಂತು, ಇನ್ನೇನು ಬಂತು ಪೆಟ್ಟು, ದೊಡ್ಡ ಡ್ರಮ್ಮಿನಾವ ಕೈ ಎತ್ತೇ ಬಿಟ್ಟ...

"ವ್ಹಾ! ವ್ಹಾ ಬೇಟಾ! ಶಾಬಾಸ್!"

ಆಟೋದಾಗಿಂದ ಅರ್ಧ ಹೊರಗ ಬಂದು, ಟವೆಲ್ ಒಗದು, ಎರಡೂ ಕೈಲೆ ಚಪ್ಪಾಳಿ ಹೊಡಕೋತ ನಿಂತಿದ್ರು ನಮ್ಮ ಉಸ್ತಾದರು.

ಅಷ್ಟೇ. ಪಟಾಕಿ ಹಾರಿದ್ವು, ಚುರುಮುರಿ ಬಿತ್ತು, ಹೆಣ್ಣುಮಕ್ಕಳು ಧೋ ಅಂತ ಅಳಾಕತ್ರು, ಹರಹರ ಮಹಾದೇವ ಅಂತ ವಿಮಾನ ಮುಂದ ಹೋಗೇ ಬಿಟ್ಟಿತು. ಗೌಡ್ರು ಒಬ್ಬರೇ ಸಿಟ್ಟಿಲೆ ಕೆಂಪಾಗಿ ಆಟೋದ ಕಡೆ ಬಂದ್ರು.

"ಏ ಸಾಹೇಬ! ಅದು ಇನ್ನಾ ಮುಗದಿರಲಿಲ್ಲ! ಸಂಗೀತ ತಿಳೀದಿದ್ರ ಸುಮ್ಮ ಕುಂದ್ರಾಕ ಆಗಂಗಿಲ್ಲೇನು ನಿನಗ?"

ನಾ ಹೇಳಾಕ ಹೋದೆ, ಗೌಡ್ರ, ಅದನ್ನ ಮಾಡಿದವರೇ ಇವರು ಅಂತ. ಉಸ್ತಾದರು ನನ್ನ ಕೈ ಹಿಡದು ನಿಲ್ಲಿಸಿದ್ರು. "ತಪ್ಪಾತ್ರಿ ಗೌಡ್ರ. ನನಗ ಸಬರ್ ಕಮ್ಮಿ," ಅಂತ ಕೈ ಮುಗದ್ರು.

ಗೌಡ್ರಿಗೆ ಮುದುಕನ ಮ್ಯಾಲ ಕರುಣಾ ಬಂತು. "ಇರಲಿ ಬಿಡು. ಆ ಕಡೀ ಪೆಟ್ಟು ಹೆಂಗಿರ್ತೈತೋ ನಾನೂ ಕೇಳಲಿಲ್ಲ," ಅಂದು ನನ್ನ ಕಡೆ ತಿರುಗಿದ್ರು. "ಎಂದರ ಬಾರಿಸೋದಿದ್ರ ನನಗೊಂದು ಫೋನ್ ಮಾಡು. ಎಲ್ಲಿದ್ರೂ ಬರ್ತೀನಿ."

ವಾಪಸ್ ಬರೂವಾಗ ಆಟೋದಾಗ ಉಸ್ತಾದರು ನಕ್ಕಿದ್ದೇ ನಕ್ಕಿದ್ದು. ನಕ್ಕೋತ ಕೆಮ್ಮಿದ್ರು, ಕೆಮ್ಮಿಕೋತ ನಕ್ರು. ನನಗ ಸಿಟ್ಟೂ ಬಂದಿತ್ತು, ಅಳೂನೂ ಬಂದಿತ್ತು. "ಎಲ್ಲಾ ಸರಿ ಇತ್ತಲ್ರೀ ಉಸ್ತಾದ್ರ, ನೀವೇ ಹಿಂಗ ಮಾಡಿದ್ರಲ್ಲ," ಅಂದೆ.

"ಏನು ಮಾಡಲಿ ಬೇಟಾ. ಅಷ್ಟೂ ಮಂದಿ ಕಾದ್ರು ನೋಡು. ನನಗ ತಡೀಲೇ ಇಲ್ಲ," ಅಂದ್ರು. ಟವೆಲಿನಾಗ ಮುಖಾ ಒರಸಿಕೊಂಡು, "ಆ ಪೆಟ್ಟು ಉಳೀಲಿ ಬಿಡು. ನೀ ಇಟಗೋ ಅದನ್ನ," ಅಂದ್ರು.

ಬರಿಗೈ

ಮಳಿಗಾಲ ಸುರುವಾಗೂದ್ರಾಗ ಉಸ್ತಾದರು ಹೋದ್ರು. ನಾ ಗೌಡ್ರಿಗೆ ಫೋನ್ ಮಾಡಿದೆ. ಪೆಟ್ಟು ಇಲ್ರೀ ಗೌಡ್ರ, ಅದನ್ನ ಮಾಡಿದವರು ಹೋದ್ರು, ಅವತ್ತು ಆಟೋದಾಗ ಚಪ್ಪಾಳಿ ಹೊಡದವರೇ ಅವರು ಅಂತ ಹೇಳಿದೆ. ಆ ಕಡಿಂದ ಗೌಡ್ರು ಬೆತ್ತ ಊರಿದ ಸಪ್ಪಳ ಕೇಳಿಸ್ತು. "ಬರ್ತೀನಿ," ಅಂದ್ರು.

ಬಂದ್ರು. ಬೆತ್ತ ಊರಿಕೊಂಡು ಜನಾಜಾದ ಹಿಂದ ನಮ್ಮ ಕೂಡ ನಡದ್ರು. ಬ್ಯಾಂಡಿನಾವರು ಎಲ್ಲಾರೂ ಇದ್ವಿ, ತಲಿಗೆ ಕರವಸ್ತ್ರ ಕಟಗೊಂಡು, ಕೆಂಪು ಕೋಟಿಲ್ಲದ, ಬರಿಗೈಲೆ. ಆ ಕೈ ಎಲ್ಲಿ ಇಡಬೇಕೋ ಯಾರಿಗೂ ತಿಳೀವಲ್ದಾಗಿತ್ತು. ಕ್ಲಾರಿನೆಟ್ಟಿನಾವ ಎದಿ ಮ್ಯಾಲ ಇಟಗೊಂಡಿದ್ದ, ದೊಡ್ಡ ಡ್ರಮ್ಮಿನಾವ ಹೊಟ್ಟಿ ಮುಂದ ಇಟಗೊಂಡಿದ್ದ. ನನ್ನ ಬಲಗೈ ತಾನೇ ಮುಂದ ಹೋಗಿ ಹಿಂದ ಬರಾಕತ್ತಿತ್ತು, ಕಿಸೇದಾಗ ಹಾಕಿದೆ.

ಕಬರಸ್ತಾನದ ಹಾದ್ಯಾಗ ಹೆಗಲು ಬದಲಿ ಮಾಡಾಕ ಎಲ್ಲಾರೂ ನಿಂತ್ರು. ಅಲ್ಲಾನ ಹೆಸರಿನ ಕಲಿಮಾ ಓದೂದು ನಿಂತಿತು. ಗಪ್ಪಂತ ಆತು. ಆ ಗಪ್ಪಿನಾಗ ನನಗ ನನ್ನ ಷಡ್ಜ ಕೇಳಿಸ್ತು. ಊದಿರಲಿಲ್ಲ, ಆದ್ರೂ ಖರೇನೇ ಕೇಳಿಸ್ತು. ಬಾಜೂಕ ನೋಡಿದೆ. ಡ್ರಮ್ಮಿನಾವ ಕಣ್ಣು ಮುಚ್ಚಿದ್ದ. ಕ್ಲಾರಿನೆಟ್ಟಿನಾವನ ತುಟಿ ಅಲುಗಾಡಾಕತ್ತಿದ್ವು, ತಾಳ ಎಣಿಸಾಕತ್ತಿದ್ದ. ಯಾರಿಗೂ ಯಾರೂ ಏನೂ ಹೇಳಿರಲಿಲ್ಲ. ಹೇಳಿದ್ರ ನಾನೇ ಬ್ಯಾಡ ಅಂತಿದ್ದೆ, ಅಂಥಾ ಜಾಗದಾಗ.

ಜನಾಜಾ ಹೊಸಾ ಹೆಗಲಿಗೆ ಏರ್ತು. ನಾವೂ ಹೆಜ್ಜಿ ಎತ್ತಿದ್ವಿ. ಬ್ಯಾಂಡಿನಾವರ ಕಾಲು, ಎಲ್ಲಿ ನಡದ್ರೂ ಜೋಡೀನೇ ಬೀಳ್ತಾವ. ಇಡೀ ಬ್ಯಾಂಡಿನ ಬಲಗಾಲು ಒಮ್ಮೆಗೇ ನೆಲಕ್ಕ ಬಿತ್ತು, ಧಡ್ ಅಂತ. ಧೂಳು ಎದ್ದಿತು.

ಮುಂದಿದ್ದ ಮೌಲಾನಾ ಗಾಬರಿಯಾಗಿ ಹಿಂದ ತಿರುಗಿದ್ರು. "ಕ್ಯಾ ಹುವಾ? ಏನಾತು?"

ಮಸ್ಕಿ ಗೌಡ್ರು ಬೆತ್ತ ಎತ್ತಿ ಅವರಿಗೆ ಸುಮ್ಮಿರ್ರಿ ಅಂತ ಸನ್ನಿ ಮಾಡಿದ್ರು.

"ಏನಿಲ್ರೀ," ಅಂದ್ರು. "ಈಗ ಮುಗೀತು ನೋಡ್ರಿ. ಇನ್ನ ಚಪ್ಪಾಳಿ ಹೊಡೀಲಿ ಬೇಕಾದ್ರ ಆ ಸಾಹೇಬ."